ಮುನ್ನೂರ ಅರವತ್ತು ಚೀಲ, ಒಂದು ಕೌದಿ

ಬಿಸಿಲಿಗೆ ಹರವಿದ ಹೊಸ ಹುಣಸೆಹಣ್ಣಿಗೆ ಒಂದು ವಾಸನೆಯಿದೆ. ಅರ್ಧ ಬೆಲ್ಲ, ಅರ್ಧ ಹುಳಿ, ಹಿಂದೆ ಒಂದಿಷ್ಟು ಗೋಣಿಚೀಲ. ಅಹಮದ್ ಪಾಷಾ ಸಾಹೇಬರು ಚಿಕ್ಕವರಿದ್ದಾಗ ಹುಲಿಯೂರುದುರ್ಗದ ಮನೆಯ ಅಂಗಳದಲ್ಲಿ ಅವರ ತಾಯಿ ಮರದ ಕೊಡತಿ ಹಿಡಿದು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಸಂಜೆ ಆಕೆಯ ಸೆರಗಿನಲ್ಲಿ ಮುಖ ಹುದುಗಿಸಿದರೆ ಅದೇ ವಾಸನೆ. ತಾಯಿ ತೀರಿಕೊಂಡು ಎಷ್ಟೋ ವರ್ಷವಾದರೂ ಆ ವಾಸನೆ ಮಗನ ಮೂಗಿನಲ್ಲೇ ಉಳಿದು, ಕೊನೆಗೆ ಅವರ ಹೊಟ್ಟೆಪಾಡೂ ಆಯಿತು. ತುಮಕೂರಿನ ಮಂಡಿಪೇಟೆಯಲ್ಲಿ ಮಹಾಲಿಂಗಯ್ಯನವರ ಹುಣಸೆ ಮಂಡಿಗೆ ಇಪ್ಪತ್ತೆಂಟು ವರ್ಷದಿಂದ ಅವರೇ ಮೇಸ್ತ್ರಿ. ಚೀಲದ ಬಾಯಿಗೆ ಮೂಗಿಟ್ಟು, ‘ಇದು ಮಾರ್ಕೋನಹಳ್ಳಿ ಕಡೇದು, ಇದು ಗೂಳೂರಿಂದು’ ಎಂದು ತೀರ್ಪು ಕೊಡುತ್ತಿದ್ದರು. ಹತ್ತರಲ್ಲಿ ಆರು ಸಲ ಅದು ಸರಿಯಿರುತ್ತಿತ್ತು. ಉಳಿದ ನಾಲ್ಕು ಸಲವೂ ಅಷ್ಟೇ ಗಂಭೀರವಾಗಿ ಹೇಳುತ್ತಿದ್ದರಿಂದ ಯಾರಿಗೂ ತಿಳಿಯುತ್ತಿರಲಿಲ್ಲ.

ಇಂಥ ಪಾಷಾ ಸಾಹೇಬರನ್ನು ಮಹಾಲಿಂಗಯ್ಯನವರು ೧೯೯೮ರ ಏಪ್ರಿಲ್‌ನಲ್ಲಿ, ಕಂಟೇನರು ಅಂದರೆ ಏನು ಎಂದು ನೋಡಿಕೊಂಡು ಬರಲು ಬೆಂಗಳೂರಿಗೆ ಕಳಿಸಿದರು. ಶಾರ್ಜಾದ ವ್ಯಾಪಾರಿಯೊಬ್ಬ ಹದಿನೆಂಟು ಟನ್ ಹುಣಸೆಹಣ್ಣು ಬೇಕೆಂದು ಕೇಳಿದ್ದ. ಕಂಟೇನರಿನಲ್ಲೇ ಬರಬೇಕು ಎಂದಿದ್ದ. ಮಂಡಿಪೇಟೆಯಲ್ಲಿ ಅದುವರೆಗೆ ಯಾರೂ ಅಂಥದಕ್ಕೆ ಕೈಹಾಕಿರಲಿಲ್ಲ.

ಪಾಷಾ ಸಾಹೇಬರಿಗೆ ಗೊತ್ತಿದ್ದದ್ದು ಚೀಲ ಒಂದೇ. ಚೀಲ ಎಂದರೆ ಲಾರಿಗೆ ಹೊರು, ಲಾರಿಯಿಂದ ಇಳಿಸು, ರೈಲಿಗೆ ಹೊರು, ರೈಲಿನಿಂದ ಇಳಿಸು. ಪ್ರತಿ ಸಲವೂ ಕೊಕ್ಕೆ ಚುಚ್ಚಿ ಒಂದು ತೂತು, ಪ್ರತಿ ತೂತಿಗೂ ಒಂದು ಹಿಡಿ ಹಣ್ಣು ಹಾದಿಪಾಲು. ಬೆಂಗಳೂರಿನ ಯಾರ್ಡಿನಲ್ಲಿ ಇಪ್ಪತ್ತು ಅಡಿಯ ಕಬ್ಬಿಣದ ಪೆಟ್ಟಿಗೆಗಳನ್ನು ಬೆಂಕಿಪೊಟ್ಟಣಗಳ ಹಾಗೆ ಒಂದರ ಮೇಲೊಂದು ಪೇರಿಸಿದ್ದರು. ಒಂದು ಕ್ರೇನು ಬಂತು. ಪೆಟ್ಟಿಗೆಯ ನಾಲ್ಕು ಮೂಲೆ ಹಿಡಿದು, ಮಲಗಿದ ಕೂಸನ್ನು ಎತ್ತುವಂತೆ ಎತ್ತಿ, ರೈಲಿನ ಮೇಲೆ ಇಟ್ಟಿತು. ಒಂದು ಕಾಳು ಉದುರಲಿಲ್ಲ. ಒಬ್ಬರೂ ಕೂಗಲಿಲ್ಲ. ಕೂಗದೆ ಸರಕು ಎತ್ತಬಹುದು ಎಂಬುದೇ ಮಂಡಿಪೇಟೆಯಿಂದ ಬಂದವರಿಗೆ ದೊಡ್ಡ ಸಂಗತಿ.

‘ಈ ಮೂಲೆ ನೋಡಿ ಸಾಬ್ರೇ,’ ಎಂದ ಅಲ್ಲಿನ ಗುಮಾಸ್ತ. ‘ಚೈನಾದಲ್ಲೂ ಇದೇ ಅಳತೆ, ಅಮೆರಿಕಾದಲ್ಲೂ ಇದೇ ಅಳತೆ. ಯಾವ ಊರಿನ ಕ್ರೇನಾದ್ರೂ ಎತ್ತುತ್ತೆ, ಯಾವ ಹಡಗಲ್ಲಾದ್ರೂ ಕೂರುತ್ತೆ.’

ಪಾಷಾ ಸಾಹೇಬರು ಆ ಮೂಲೆಯನ್ನು ಮುಟ್ಟಿ ನೋಡಿದರು. ತುಮಕೂರಿನಲ್ಲಿ ಒಂದು ಅಂಗಡಿಯ ಸೇರು ಪಕ್ಕದ ಅಂಗಡಿಯ ಸೇರಿಗೆ ಹೊಂದುವುದಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ನಡುಗೋಡೆಯ ಎತ್ತರಕ್ಕೆ ಒಪ್ಪದೆ ಹದಿನೈದು ವರ್ಷ ಕೋರ್ಟಿಗೆ ಅಲೆಯುತ್ತಾರೆ. ಹೀಗಿರುವಾಗ ಲೋಕದ ಅಷ್ಟೂ ದೇಶದವರು ಕೂತು ಒಂದು ಪೆಟ್ಟಿಗೆಯ ಮೂಲೆಗೆ ಒಪ್ಪಿಕೊಂಡಿದ್ದಾರೆ. ಅವರು ಟೋಪಿ ತೆಗೆದು, ತಲೆ ಸವರಿಕೊಂಡು, ಮತ್ತೆ ಹಾಕಿಕೊಂಡರು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವಾಗ ಬಿಟ್ಟರೆ ಅವರು ಹೀಗೆ ಮಾಡಿದ್ದು ಅದೇ ಮೊದಲು.

ಮನೆಗೆ ಬಂದು ಹೆಂಡತಿ ಖುರ್ಷಿದಾ ಬೇಗಂ ಅವರ ಮುಂದೆ ಎಲ್ಲವನ್ನೂ ಹೇಳಿದರು. ‘ಒಂದ್ಸಲ ಬಾಗ್ಲು ಹಾಕಿದ್ರೆ ಮುಗೀತು. ಶಾರ್ಜಾದಲ್ಲೇ ತೆಗೆಯೋದು. ನಡುವೆ ಯಾರೂ ಮುಟ್ಟಂಗಿಲ್ಲ.’

‘ಬಾಗ್ಲು ಹಾಕೋರು ಯಾರು?’

ಈ ಪ್ರಶ್ನೆಯನ್ನು ಅವರು ನಿರೀಕ್ಷಿಸಿರಲಿಲ್ಲ. ಹೆಂಡತಿಯ ಕಣ್ಣಲ್ಲಿ ತಾವು ಇಷ್ಟು ಎತ್ತರ ಕಂಡದ್ದು ಮದುವೆಯ ದಿನವೂ ಇರಲಿಲ್ಲ. ಆ ಎತ್ತರದಿಂದ ಇಳಿಯಲು ಮನಸ್ಸಾಗಲಿಲ್ಲ.

‘ನಾನೇ,’ ಎಂದುಬಿಟ್ಟರು.

ಮುಂದಿನ ಎಲ್ಲ ಗಲಾಟೆಗೂ ಈ ಎರಡಕ್ಷರವೇ ಮೂಲ.

ಖುರ್ಷಿದಾ ಬೇಗಂ ಒಳಗೆ ಹೋಗಿ ಒಂದು ಕೌದಿಯನ್ನು ತಂದು ಗಂಡನ ತೊಡೆಯ ಮೇಲಿಟ್ಟರು. ಅವರ ಒಬ್ಬಳೇ ಮಗಳು ಅಂಬ್ರೀನ್ ಗಂಡ ಅರ್ಫಾತನ ಜೊತೆ ಶಾರ್ಜಾದಲ್ಲಿದ್ದಳು. ಜುಲೈ ಕೊನೆಗೆ ಹೆರಿಗೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅರ್ಫಾತನಿಗೆ ರಜೆ ಇಲ್ಲ, ಆರು ತಿಂಗಳ ಬಸುರಿಯನ್ನು ಒಬ್ಬಳೇ ವಿಮಾನ ಹತ್ತಿಸಲು ಅವನಿಗೆ ಧೈರ್ಯವೂ ಇಲ್ಲ. ಮಗಳು ತವರಿಗೆ ಬರದಿದ್ದರೆ ತವರಾದರೂ ಮಗಳ ಹತ್ತಿರ ಹೋಗಲಿ ಎಂದು ಖುರ್ಷಿದಾ ಬೇಗಂ ನಾಲ್ಕು ತಿಂಗಳು ಕೂತು ಈ ಕೌದಿ ಹೊಲಿದಿದ್ದರು. ತಮ್ಮ ಎರಡು ಸೀರೆ, ತಮ್ಮ ತಾಯಿಯದೊಂದು, ಅತ್ತೆಯದೊಂದು. ಮೂಲೆಯಲ್ಲಿ ಕೆಂಪು ದಾರದಿಂದ ಮಗಳ ಹೆಸರು, ಅರ್ಫಾತ್ ಕೆಲಸ ಮಾಡುವ ಅಂಗಡಿಯ ಫೋನ್ ನಂಬರು. ಗಲ್ಫಿಗೆ ಹೊರಟವರು ಸಿಕ್ಕಿದಾಗಲೆಲ್ಲ ಕೇಳಿದ್ದರು. ಎಲ್ಲರೂ ಒಂದೇ ಮಾತು ಹೇಳಿದ್ದರು: ‘ಉಪ್ಪಿನಕಾಯಿ ಕೊಡಿ ಆಪಾ, ತಗೊಂಡು ಹೋಗ್ತೀನಿ. ಕೌದಿ ಇಟ್ರೆ ಸೂಟ್‌ಕೇಸೇ ತುಂಬೋಗುತ್ತೆ.’

‘ನಿಮ್ ಡಬ್ಬಿ ಎಷ್ಟ್ ದೊಡ್ಡದು ಅಂದ್ರಿ?’ ಎಂದರು ಈಗ.

‘ನಮ್ ಮನೆಗಿಂತ ದೊಡ್ಡದು.’

‘ಹಂಗಾದ್ರೆ ಇದೊಂದು ಹಿಡಿಸುತ್ತೆ.’

ಪಾಷಾ ಸಾಹೇಬರು ಮಾತು ಕೊಟ್ಟರು.

ಖುರ್ಷಿದಾ ಬೇಗಂ ಈ ಸುದ್ದಿಯನ್ನು ಪಕ್ಕದ ಮನೆಯ ಕಲ್ಲಮ್ಮನವರಿಗೆ ಮಾತ್ರ ಹೇಳಿದರು. ಕಲ್ಲಮ್ಮನವರು ಇನ್ಯಾರಿಗೂ ಹೇಳಬಾರದು ಎಂದುಕೊಂಡೇ ನಲ್ಲಿ ಹತ್ತಿರ ಹೋದರು. ಮರುದಿನದ ಹೊತ್ತಿಗೆ, ಶಾರ್ಜಾಕ್ಕೆ ಪಾಷಾ ಸಾಹೇಬರ ಕಡೆಯವರೊಬ್ಬರು ಹೊರಟಿದ್ದಾರೆ, ಅವರು ಎಷ್ಟು ಲಗೇಜು ಕೊಟ್ಟರೂ ಬೇಡ ಅನ್ನುವವರಲ್ಲ ಎಂಬಲ್ಲಿಗೆ ಸುದ್ದಿ ಬಂದು ನಿಂತಿತ್ತು. ಹೊರಟಿರುವುದು ಮನುಷ್ಯನಲ್ಲ, ಕಬ್ಬಿಣದ ಪೆಟ್ಟಿಗೆ ಎಂದು ತಿಳಿದ ಮೇಲೂ ಯಾರ ಉತ್ಸಾಹವೂ ಇಳಿಯಲಿಲ್ಲ. ಆ ಬೀದಿಯಲ್ಲಿ ಯಾರೇ ಗಲ್ಫಿಗೆ ಹೊರಟರೂ ಮನೆಗೊಂದು ಪೊಟ್ಟಣ ಹೊತ್ತೇ ಹೋಗಬೇಕು. ಕಬ್ಬಿಣದ್ದಾದರೆ ಇನ್ನೂ ಒಳ್ಳೆಯದು. ಅದಕ್ಕೆ ಕೈ ನೋಯುವುದಿಲ್ಲ.

ಮೊದಲು ಬಂದವರು ಕಲ್ಲಮ್ಮನವರೇ. ‘ಪಾಷಣ್ಣ, ಎರಡು ಕೆ.ಜಿ. ಹುಚ್ಚೆಳ್ಳು ಚಟ್ನಿಪುಡಿ. ನಮ್ ತಮ್ಮನ ಮಗ ದುಬೈನಲ್ಲವ್ನೆ.’

‘ಅದು ಹೋಗೋದು ಶಾರ್ಜಾಗೆ ಕಣಮ್ಮ.’

‘ಗುಬ್ಬಿ-ತುಮಕೂರು ಇದ್ದಂಗೆ ಅಂತೆ. ಬಸ್ಸಲ್ಲಿ ಬಂದು ಈಸ್ಕತಾನೆ ಬುಡು.’

ಆಮೇಲೆ ಬಂದವರು ಗುಂಡಯ್ಯನವರು, ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದು ನಿವೃತ್ತರಾದವರು. ಕೈಯಲ್ಲಿ ಅಳಿಯನಿಗೆ ಕಳಿಸುವ ನಿಪ್ಪಟ್ಟಿನ ಡಬ್ಬ.

‘ನೀವು ಪೋಸ್ಟಲ್ಲಿ ಕಳಿಸ್ಬೋದಲ್ಲ ಸ್ವಾಮಿ?’

‘ಪಾಷಾ, ಪಾರ್ಸಲ್ ಮೇಲೆ ಸೀಲು ಗುದ್ದೋ ಕೈ ಇದು. ನಿಪ್ಪಟ್ಟಿನ ಮೇಲೆ ಆ ಗುದ್ದು ಬಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತು.’

ಇಷ್ಟಾದರೆ ತಡೆದುಕೊಳ್ಳಬಹುದಿತ್ತು. ಆದರೆ ಟೀ ಅಂಗಡಿಯ ಚಿಕ್ಕರಂಗಯ್ಯ ಒಂದು ಸೈಕಲ್ಲಿನ ಕ್ಯಾರಿಯರ್ ಮೇಲೆ ರಾಗಿ ಬೀಸುವ ಕಲ್ಲನ್ನು ಕಟ್ಟಿಕೊಂಡು ತಳ್ಳುತ್ತ ಬಂದ.

‘ಏನಪ್ಪ ಇದು?’

‘ಬಾಮೈದಂಗೆ. ಅಲ್ಲಿ ಹೋಟ್ಲಲ್ಲಿ ಮುದ್ದೆ ಮಾಡ್ತಾನಂತೆ, ಹಿಟ್ಟು ಸರಿಯಾಗ್ ಸಿಗಲ್ವಂತೆ.’

‘ಕಲ್ಲೂ ಸಿಗಲ್ವೇನಯ್ಯ?’

‘ಎಲ್ಲಿ ಸಿಗುತ್ತೆ ಸಾಬ್ರೇ, ಬರೀ ಮರಳು.’

ಪಾಷಾ ಸಾಹೇಬರ ನಾಲಗೆಗೆ ಹುಳಿ, ಸಿಹಿ, ಒಗರು ಎಲ್ಲವೂ ತಿಳಿಯುತ್ತಿತ್ತು. ‘ಇಲ್ಲ’ ಎಂಬ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. ಮೇ ಹತ್ತರ ಹೊತ್ತಿಗೆ ಅವರ ಮನೆಯಲ್ಲಿ ಮಂಚದ ಕೆಳಗೆ ಹದಿಮೂರು ಪೊಟ್ಟಣ, ಒಂದು ಬೀಸುವ ಕಲ್ಲು, ಒಂದು ಕೌದಿ. ಇವನ್ನೆಲ್ಲ ಅವರು ಮಂಡಿಯ ಚೀಲಗಳಂತೆಯೇ ಕಾಣುವ ಮೂರು ಗೋಣಿಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಉಳಿದ ಚೀಲಗಳ ಜೊತೆ ಸೇರಿಸಿದರು. ಕೌದಿಯ ಚೀಲದಲ್ಲಿ ಖುರ್ಷಿದಾ ಬೇಗಂ ಒಂದು ಡಬ್ಬ ಹುಣಸೆ ತೊಕ್ಕನ್ನೂ ಇಟ್ಟರು. ಹದಿನೆಂಟು ಟನ್ ಹುಣಸೆಹಣ್ಣು ಹೋಗುವಲ್ಲಿಗೆ ಮತ್ತೆ ತೊಕ್ಕು ಏಕೆ ಎಂದು ಪಾಷಾ ಸಾಹೇಬರು ಕೇಳಲಿಲ್ಲ. ಅಷ್ಟು ಬುದ್ಧಿ ಅವರಿಗಿತ್ತು.

ಮೇ ಹನ್ನೆರಡರ ಬೆಳಿಗ್ಗೆ ಕಂಟೇನರು ಬಂತು. ನೀಲಿ ಬಣ್ಣ, ಮೈತುಂಬ ಅಂಕಿ ಅಕ್ಷರ, ಮೂಲೆಮೂಲೆಯಲ್ಲಿ ಏಳು ಸಮುದ್ರದ ತುಕ್ಕು. ಚಾಲಕ ಅಡವಿಯಪ್ಪ ಅಷ್ಟು ಉದ್ದದ ಟ್ರೇಲರನ್ನು ಮಂಡಿಪೇಟೆಯ ಬೀದಿಯಲ್ಲಿ ಹಿಮ್ಮುಖವಾಗಿ ನಡೆಸಿ, ಒಂದು ತಳ್ಳುಗಾಡಿಯನ್ನೂ ಮುಟ್ಟಿಸದೆ, ಮಂಡಿಯ ಬಾಗಿಲಿಗೆ ತಂದು ನಿಲ್ಲಿಸಿದ. ಇಡೀ ಬೀದಿ ಉಸಿರು ಬಿಟ್ಟಿತು. ಹಣ್ಣು ಬಿಡಿಸುವ ಹೆಂಗಸರು ಕೊಡತಿ ಕೆಳಗಿಟ್ಟು ಬಂದು, ಕಬ್ಬಿಣದ ಮೈಯನ್ನು ಅಂಗೈಯಿಂದ ಸವರಿ ನೋಡಿದರು. ಒಬ್ಬಾಕೆ, ‘ನಮ್ ಕೈ ಹಣ್ಣು ಇದ್ರಲ್ಲಿ ಸಮುದ್ರ ದಾಟ್ತದಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ತಲೆಯಾಡಿಸಿಕೊಂಡಳು.

ಮಹಾಲಿಂಗಯ್ಯನವರು ವಿಭೂತಿ ಹಚ್ಚಿ ಪೂಜೆ ಮಾಡಿದರು. ಕಲ್ಲಮ್ಮನವರು ದೃಷ್ಟಿ ತೆಗೆದರು. ಖುರ್ಷಿದಾ ಬೇಗಂ ಗುಂಪಿನ ಹಿಂದಿನಿಂದ ಬಂದು, ಹಸಿರು ಬಟ್ಟೆಯಲ್ಲಿ ಒಂದು ರೂಪಾಯಿ ಸುತ್ತಿ ಕಂಟೇನರಿನ ಬಾಗಿಲ ಸರಳಿಗೆ ಗಂಟು ಹಾಕಿದರು. ಪ್ರಯಾಣ ಹೊರಟವರ ತೋಳಿಗೆ, ಕ್ಷೇಮವಾಗಿ ತಲುಪಲಿ ಎಂದು ಕಟ್ಟುವ ಇಮಾಮ್ ಜಾಮಿನ್ ಅದು. ಪೆಟ್ಟಿಗೆಗೆ ತೋಳಿಲ್ಲದ್ದರಿಂದ ಸರಳಿಗೆ.

ಹನ್ನೊಂದು ಗಂಟೆಗೆ ಸುಂಕದ ಇಲಾಖೆಯ ಇನ್ಸ್‌ಪೆಕ್ಟರ್ ಗುರುಪ್ರಕಾಶ್ ಬಂದರು. ಚೀಲ ಎಣಿಸಿ, ಬಾಗಿಲು ಹಾಕಿಸಿ, ಸೀಲು ಮಾಡುವವರು ಅವರು. ಬಾಗಿಲು ಹಾಕುವವರು ಬೇರೆಯವರಿದ್ದಾರೆ ಎಂದು ಪಾಷಾ ಸಾಹೇಬರಿಗೆ ತಿಳಿದದ್ದೇ ಆ ಗಳಿಗೆಯಲ್ಲಿ.

‘ಪ್ಯಾಕಿಂಗ್ ಲಿಸ್ಟಲ್ಲಿ ಮುನ್ನೂರ ಅರವತ್ತು ಚೀಲ ಇದೆ,’ ಎಂದರು ಇನ್ಸ್‌ಪೆಕ್ಟರು. ‘ಎಣಿಸ್ತಾ ಹೋಗೋಣ.’

ಹಮಾಲಿಗಳು ಹೊರುತ್ತಾ ಹೋದರು. ಇನ್ಸ್‌ಪೆಕ್ಟರು ಗೀಟು ಹಾಕುತ್ತಾ ಹೋದರು. ಮೂರು ಗಂಟೆಗೆ ಮುನ್ನೂರ ಅರವತ್ತು ಚೀಲ ಒಳಗೆ ಹೋದವು. ಹೊರಗೆ ಮೂರು ಚೀಲ ಉಳಿದವು. ಪಾಷಾ ಸಾಹೇಬರು ಅವುಗಳ ಮುಂದೆ ನಿಂತು, ಎರಡು ಕೈಯನ್ನೂ ಅಗಲಿಸಿ, ಮೈಮುರಿಯುವವರಂತೆ ನಟಿಸುತ್ತಿದ್ದರು.

‘ಹಿಂದೆ ಏನು?’

‘ಅದು ಕೊಸರು ಸಾರ್.’

‘ಕೊಸರು?’

‘ತುಮಕೂರಲ್ಲಿ ಸೇರಿಗೆ ಮೇಲೊಂದು ಹಿಡಿ ಹಾಕೋದು ರೂಢಿ ಸಾರ್. ಟನ್ನಿನ ಲೆಕ್ಕಕ್ಕೆ ಹಿಡಿ ಸಾಲಲ್ಲ, ಅದಕ್ಕೇ ಮೂರು ಚೀಲ.’

ಮಹಾಲಿಂಗಯ್ಯನವರು ತಾವು ಕೊಡದ ಕೊಸರನ್ನು ಕಣ್ಣರಳಿಸಿ ನೋಡಿದರು. ಇನ್ಸ್‌ಪೆಕ್ಟರು ಹತ್ತಿರ ಬಂದು ಮೊದಲ ಚೀಲವನ್ನು ಬೆರಳಿನಿಂದ ಒತ್ತಿದರು. ಹುಣಸೆಹಣ್ಣಾದರೆ ಬೆರಳು ಒಳಗೆ ಹೋಗಬೇಕು. ಹೋಗಲಿಲ್ಲ.

‘ಹಣ್ಣಿನ ಬೀಜ ಬಿಡಿಸಿದೀರಾ?’

‘ಎಲ್ಲಾ ಬಿಡ್ಸಿದೀವಿ ಸಾರ್.’

ಚೀಲದ ಹೊಲಿಗೆ ಬಿಚ್ಚಿಸಿದರು. ರಾಗಿ ಬೀಸುವ ಕಲ್ಲು ಉರುಳಿಕೊಂಡು ಬಂದು ಅವರ ಬೂಟಿನ ಮುಂದೆ ನಿಂತಿತು.

‘ಇದೊಂದು ಬೀಜ ಉಳ್ಕೊಂಡಿದೆ,’ ಎಂದರು ಇನ್ಸ್‌ಪೆಕ್ಟರು.

ಆಮೇಲೆ ನಡೆದದ್ದನ್ನು ಮಂಡಿಪೇಟೆ ಇನ್ನೂ ಮರೆತಿಲ್ಲ. ಚಟ್ನಿಪುಡಿ ಹೊರಬಿತ್ತು. ನಿಪ್ಪಟ್ಟು ಹೊರಬಿತ್ತು. ಒಂದೊಂದು ಪೊಟ್ಟಣ ಬಂದಾಗಲೂ ಇನ್ಸ್‌ಪೆಕ್ಟರು, ‘ಇದು ಯಾರದು?’ ಎನ್ನುವರು, ಗುಂಪಿನಿಂದ ಒಬ್ಬರು ಮುಂದೆ ಬಂದು ತಮ್ಮ ಪೊಟ್ಟಣದ ಪರವಾಗಿ ವಾದ ಮಾಡುವರು.

‘ಚಟ್ನಿಪುಡಿ ತಡೀಬ್ಯಾಡಿ ಸ್ವಾಮಿ, ಆ ಹುಡ್ಗ ಬರೀ ಬ್ರೆಡ್ಡು ತಿಂದು ಒಣಗ್ಹೋಗವ್ನೆ,’ ಎಂದರು ಕಲ್ಲಮ್ಮನವರು.

‘ನಾನೂ ಸರ್ಕಾರಿ ನೌಕರನೇ,’ ಎಂದರು ಗುಂಡಯ್ಯನವರು, ಅದರಿಂದ ನಿಪ್ಪಟ್ಟಿಗೆ ಏನು ಪ್ರಯೋಜನ ಎಂದು ಹೇಳದೆ.

ಮಹಾಲಿಂಗಯ್ಯನವರು ಕಟ್ಟೆಯ ಮೇಲೆ ಕುಸಿದು ಕೂತರು. ‘ಪಾಷಾ, ಇದೇನಯ್ಯ? ಲಿಸ್ಟಲ್ಲಿಲ್ಲದ ಮಾಲು ಸಿಕ್ತು ಅಂತ ಇವರು ಬರೆದ್ರೆ ಡಬ್ಬಿ ಇಲ್ಲೇ ನಿಲ್ಲುತ್ತೆ. ಹಡಗು ಕಾಯುತ್ತಾ?’ ಬೈದರು ನಿಜ. ಆದರೆ ಬೈಯುತ್ತಲೇ ನೀರಿನ ಚೊಂಬನ್ನು ಪಾಷಾ ಸಾಹೇಬರ ಕಡೆಗೆ ತಳ್ಳಿದರು, ಅವರ ತುಟಿ ಒಣಗಿದ್ದು ಕಂಡು.

ಕೊನೆಯ ಚೀಲದಿಂದ ತೊಕ್ಕಿನ ಡಬ್ಬ ಬಂತು. ಆಮೇಲೆ ಕೌದಿ. ಯಾರದು ಎಂದು ಇನ್ಸ್‌ಪೆಕ್ಟರು ಕೇಳುವ ಮೊದಲೇ ಪಾಷಾ ಸಾಹೇಬರು ಬಾಯಿಬಿಟ್ಟರು.

‘ಅದು ನಂದು ಸಾರ್. ಎಲ್ಲಾ ತಪ್ಪೂ ನಂದೇ. ನಮ್ ಬೀದೀಲಿ ಯಾರಾದ್ರೂ ಗಲ್ಫಿಗೆ ಹೊರಟ್ರೆ ಎಲ್ರೂ ಒಂದೊಂದು ಪೊಟ್ಟಣ ಕೊಡ್ತೀವಿ. ಇದೂ ಹೊರಟಿದೆ ಅಂತ ಕೊಟ್ರು. ಬಾಗ್ಲು ನಾನೇ ಹಾಕೋದು ಅಂತ ಸುಳ್ಳು ಹೇಳಿದ್ದೆ. ಅವ್ರದೆಲ್ಲ ಇಳಿಸಿ ಸಾರ್. ಕೇಸು ಬರೆಯೋದಿದ್ರೆ ನನ್ನ ಮೇಲೆ ಬರೀರಿ, ಸಾವ್ಕಾರ್ರ ಮೇಲೆ ಬ್ಯಾಡ.’

ಇನ್ಸ್‌ಪೆಕ್ಟರು ಕೌದಿಯ ಮಡಿಕೆ ಬಿಚ್ಚಿ, ಮೂಲೆಯ ಕೆಂಪು ದಾರದ ಅಕ್ಷರ ಓದಿದರು.

‘ಅಂಬ್ರೀನ್ ಯಾರು?’

‘ಮಗಳು ಸಾರ್. ಹೆರಿಗೆಗೆ ಬರಕ್ಕಾಗ್ಲಿಲ್ಲ.’

‘ಅಲ್ಲಿ ಬಿಸಿಲಲ್ವಾ, ಕೌದಿ ಯಾಕೆ?’

ಗುಂಪಿನ ಹಿಂದಿನಿಂದ ಖುರ್ಷಿದಾ ಬೇಗಂ ಅವರ ದನಿ ಕೇಳಿತು. ‘ಬಾಣಂತಿಗೆ ಎ.ಸಿ. ಗಾಳಿ ಆಗಲ್ಲ.’

ಇನ್ಸ್‌ಪೆಕ್ಟರು ಕೌದಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಪಾಷಾ ಸಾಹೇಬರ ಕೈಗಿಟ್ಟರು. ಸರ್ಕಾರಿ ಕೈ ಅಷ್ಟು ನಿಧಾನವಾಗಿ ಮಡಿಸಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಕಂಟೇನರಿನ ಹತ್ತಿರ ಹೋಗಿ, ಬಾಗಿಲ ಬಳಿಯ ಕೊನೆಯ ಸಾಲಿನ ಚೀಲಗಳನ್ನು ಅಲ್ಲಾಡಿಸಿ ನೋಡಿದರು. ಹದಿನೆಂಟು ಟನ್ ತುಂಬಿದರೂ ಪೆಟ್ಟಿಗೆಯಲ್ಲಿ ಜಾಗ ಉಳಿದಿತ್ತು.

‘ಅಡವಿಯಪ್ಪ, ಹಿಂಗೇ ಬಾಗಿಲು ಹಾಕಿದ್ರೆ ಏನಾಗುತ್ತೆ?’

‘ಹಡಗಲ್ಲಿ ಅಲ್ಲಾಡ್ತಾವೆ ಸಾರ್. ಅಲ್ಲಿ ಬಾಗ್ಲು ತೆಗೆದೋನ ತಲೆ ಮ್ಯಾಲೆ ಬೀಳ್ತಾವೆ.’

‘ಹಾಗಾದ್ರೆ ಸಂದಿಗೆ ಏನಾದ್ರೂ ತುರುಕಬೇಕು. ಮೆತ್ತಗಿರೋದು.’ ಅವರು ಯಾರ ಮುಖವನ್ನೂ ನೋಡದೆ ಎದುರು ಅಂಗಡಿಯ ಬೋರ್ಡು ನೋಡುತ್ತಿದ್ದರು. ‘ಸಂದಿಗೆ ತುರುಕೋ ಬಟ್ಟೆಗೆ ಲಿಸ್ಟು ಬೇಡ. ಅದು ಮಾಲಲ್ಲ. ತಿನ್ನೋ ಸಾಮಾನು, ಕಲ್ಲು ಎಲ್ಲ ಮನೆಗೆ ತಗೊಂಡು ಹೋಗಿ.’

ಪಾಷಾ ಸಾಹೇಬರಿಗೆ ಅರ್ಥವಾಗಲಿಲ್ಲ. ‘ಗೋಣಿಚೀಲ ತರ್ಲಾ ಸಾರ್?’ ಎಂದರು.

‘ಪಾಷಾ,’ ಎಂದರು ಮಹಾಲಿಂಗಯ್ಯನವರು ಹಲ್ಲು ಕಚ್ಚಿ, ‘ಕೈಯಲ್ಲಿ ಏನೈತೋ ಅದನ್ನ ತುರುಕಯ್ಯ.’

ಪಾಷಾ ಸಾಹೇಬರು ಮೇಲೆ ಹತ್ತಿ, ತಮ್ಮ ತಾಯಿಯ ಸೀರೆಯ ಮಗ್ಗುಲು ಹೊರಗೆ ಬರುವಂತೆ ಕೌದಿಯನ್ನು ಚೀಲಗಳ ಸಂದಿಗೆ ಒತ್ತಿ ಕೂರಿಸಿದರು. ಕೊನೆಯ ಸಾಲು ಗಟ್ಟಿಯಾಗಿ ನಿಂತಿತು. ಅವರು ಕೆಳಗಿಳಿದಾಗ ಇನ್ಸ್‌ಪೆಕ್ಟರು, ‘ಬಾಗಿಲು ಹಾಕಿ. ನೀವೇ ಹಾಕೋದು ಅಂತ ಹೇಳಿದ್ರಂತಲ್ಲ,’ ಎಂದರು.

ಅವರು ಹಾಕಿದರು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಆ ಸದ್ದಿಗೆ ಬೀದಿಯ ಅಷ್ಟೂ ಜನ ಒಂದು ಹೆಜ್ಜೆ ಹಿಂದೆ ಸರಿದರು. ಇನ್ಸ್‌ಪೆಕ್ಟರು, ಕತ್ತರಿಸದ ಹೊರತು ತೆಗೆಯಲಾಗದ ನಂಬರಿನ ಸೀಲನ್ನು ಬಾಗಿಲಿಗೆ ಹಾಕಿದರು. ಪಕ್ಕದಲ್ಲಿದ್ದ ಹಸಿರು ಬಟ್ಟೆಯ ಗಂಟನ್ನು ಕಂಡರು, ಬಿಚ್ಚಿಸಲಿಲ್ಲ.

ಟ್ರೇಲರು ಹೊರಟು ತಿರುವಿನಲ್ಲಿ ಮರೆಯಾದ ಮೇಲೆ ಖುರ್ಷಿದಾ ಬೇಗಂ ಒಂದೇ ಮಾತು ಹೇಳಿದರು: ‘ಆ ಡ್ರೈವರು ಬೆಳಗ್ಗೆಯಿಂದ ಏನೂ ತಿಂದಿಲ್ಲ. ನಮ್ ಗಲಾಟೇಲಿ ಯಾರೂ ಕೇಳ್ಲಿಲ್ಲ.’

ಆಮೇಲೆ ಕಾಯುವ ದಿನಗಳು. ಪಾಷಾ ಸಾಹೇಬರು ಟೀ ಅಂಗಡಿಯ ಕ್ಯಾಲೆಂಡರಿನ ಮುಂದೆ ನಿಂತು, ‘ಇವತ್ತು ಚೆನ್ನೈ ಬಿಟ್ಟಿರುತ್ತೆ,’ ‘ಇವತ್ತು ನಡುಸಮುದ್ರ,’ ಎಂದು ಹೇಳುತ್ತಿದ್ದರು. ಚಿಕ್ಕರಂಗಯ್ಯ ವಾಪಸು ಬಂದ ಬೀಸುವ ಕಲ್ಲಿನ ಮೇಲೆ ಕೂತು, ‘ನಡುಸಮುದ್ರದಲ್ಲಿ ಇದಿದ್ದಿದ್ರೆ ಹಡಗು ಅಲ್ಲಾಡ್ತಿರ್ಲಿಲ್ಲ,’ ಎನ್ನುತ್ತಿದ್ದ. ಮೇ ಮುಗಿಯಿತು. ಜೂನ್ ಇಪ್ಪತ್ತೂ ದಾಟಿತು. ಕೌದಿಯನ್ನು ಅಲ್ಲಿ ಯಾರೋ ಕಾಲೊರೆಸಿಕೊಳ್ಳಲು ಹಾಕಿರಬಹುದು ಎಂದು ಪಾಷಾ ಸಾಹೇಬರಿಗೆ ಅನ್ನಿಸತೊಡಗಿತು. ಖುರ್ಷಿದಾ ಬೇಗಂ ಕೇಳುವುದನ್ನೇ ಬಿಟ್ಟರು. ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಜೂನ್ ಇಪ್ಪತ್ತಾರರಂದು ಮಂಡಿಯ ಫೋನು ಉದ್ದಕ್ಕೆ ಬಡಿದುಕೊಂಡಿತು. ಮಹಾಲಿಂಗಯ್ಯನವರು ಎತ್ತಿ, ಕೇಳಿ, ‘ಪಾಷಾ, ನಿಂಗೆ,’ ಎಂದು ಕೊಟ್ಟರು. ಕೊಟ್ಟವರು, ಗಡಗಡ ಎನ್ನುತ್ತಿದ್ದ ಫ್ಯಾನು ಆರಿಸಿ, ಬೆವರುತ್ತ ಹೊರಗಿನ ಕಟ್ಟೆಗೆ ಹೋಗಿ ಕೂತರು.

‘ಅಬ್ಬಾ, ಕೌದಿ ಬಂತು,’ ಎಂದಳು ಅಂಬ್ರೀನ್.

ಗೋಡೌನಿನಲ್ಲಿ ಬಾಗಿಲು ತೆರೆದವನು ಒಬ್ಬ ವಯಸ್ಸಾದ ಮಲಬಾರಿ. ಮೇಲಿನ ಚೀಲಗಳೆಲ್ಲ ಜರುಗಿ ಬಾಗಿಲ ಕಡೆಗೆ ವಾಲಿದ್ದವಂತೆ. ಕೌದಿ ಅಡ್ಡ ಸಿಕ್ಕಿ ಅಷ್ಟನ್ನೂ ಹಿಡಿದು ನಿಲ್ಲಿಸಿತ್ತಂತೆ. ಇಲ್ಲದಿದ್ದರೆ ಆತನ ತಲೆಯ ಮೇಲೇ ಬೀಳುತ್ತಿದ್ದವು. ಆತ ಕೆಂಪು ದಾರದ ನಂಬರಿಗೆ ಫೋನು ಮಾಡಿ, ರಜೆಯ ದಿನ ಎರಡು ಬಸ್ಸು ಬದಲಾಯಿಸಿ, ಆ ಬಿಸಿಲಲ್ಲಿ ಹೊತ್ತು ತಂದು ಕೊಟ್ಟನಂತೆ. ಟೀಯನ್ನೂ ಕುಡಿಯದೆ ಹೊರಟನಂತೆ.

‘ಒಗೆದು ಹೊದ್ಕೋ ಬೇಟಾ. ಹಡಗಿನ ಧೂಳು.’

‘ಒಗೆಯಲ್ಲ ಅಬ್ಬಾ. ಹುಣಸೆಹಣ್ಣಿನ ವಾಸ್ನೆ ಬರ್ತಾ ಇದೆ. ದಾದಿ ಸೆರಗಿನ ವಾಸ್ನೆ, ನಿಮ್ ಅಮ್ಮಂದು, ನೀವ್ ಹೇಳ್ತಿದ್ರಲ್ಲ, ಇದೇನಾ?’

ಪಾಷಾ ಸಾಹೇಬರಿಗೆ ಆ ದಿನ ‘ಹೌದು’ ಎಂಬ ಮಾತೂ ಬರಲಿಲ್ಲ. ಫೋನು ಇಟ್ಟ ಮೇಲೆ ಹೊರಗೆ ಬಂದು, ಇನ್ಸ್‌ಪೆಕ್ಟರು ಹೇಳಿದ್ದು ನೆಪವಲ್ಲ, ಕೌದಿ ನಿಜಕ್ಕೂ ಚೀಲ ಹಿಡಿದು ನಿಲ್ಲಿಸಿದೆ ಎಂದು ಮಹಾಲಿಂಗಯ್ಯನವರಿಗೆ ವಿವರಿಸಿದರು. ‘ಲೋಕದಲ್ಲೆಲ್ಲ ಒಂದೇ ಅಳತೆ ಅಂತ ಆ ಗುಮಾಸ್ತ ಹೇಳಿದ್ದು ಸುಳ್ಳಲ್ಲ ಸಾವ್ಕಾರ್ರೇ,’ ಎಂದರು. ಸಾಹುಕಾರರು ಪೂರ್ತಿ ಅರ್ಥವಾಗದಿದ್ದರೂ ತಲೆಯಾಡಿಸಿ, ‘ಮನೆಗೆ ಹೋಗಿ ಹೇಳ್ಬಾ,’ ಎಂದರು.

ಜುಲೈ ಕೊನೆಯಲ್ಲಿ ಮೊಮ್ಮಗಳು ಅರ್ಜೂ ಹುಟ್ಟಿದಳು. ಆಗಸ್ಟಿನಲ್ಲಿ ಎರಡನೆಯ ಕಂಟೇನರು ಬಂತು. ಈ ಸಲ ಹಸಿರು ಬಣ್ಣದ್ದು, ಅದೇ ಅಳತೆ, ಅದೇ ಮೂಲೆ, ಅದೇ ಅಡವಿಯಪ್ಪ. ಪಾಷಾ ಸಾಹೇಬರು ಬೀದಿಗೆಲ್ಲ ಕೇಳುವಂತೆ, ‘ಲಿಸ್ಟಲ್ಲಿಲ್ಲದ್ದು ಒಂದು ಸಾಸಿವೆ ಕಾಳೂ ಹತ್ತಂಗಿಲ್ಲ,’ ಎಂದು ಸಾರಿದರು. ‘ಸಂದಿಗೆ ತುರುಕಕ್ಕೆ ನಮ್ಮನೇಲೂ ಒಂದು ಹಾಸಿಗೆ ಐತೆ,’ ಎಂದ ಚಿಕ್ಕರಂಗಯ್ಯ. ಮುನ್ನೂರ ಅರವತ್ತು ಚೀಲ ಎಣಿಸಿ ಹಾಕಿ, ಗುರುಪ್ರಕಾಶ್ ಸೀಲು ಮಾಡಿದರು.

ಅಡವಿಯಪ್ಪ ಗಾಡಿ ಹತ್ತುವಾಗ ಖುರ್ಷಿದಾ ಬೇಗಂ ಮುಂದಿನ ಚಕ್ರದ ಪಕ್ಕ ಬಂದು ನಿಂತಿದ್ದರು. ಅವರ ಕಣ್ಣು ಸ್ಟೇರಿಂಗಿನ ಮೇಲಿತ್ತು. ಅಲ್ಲಿ ಹಸಿರು ಬಟ್ಟೆಯ ಗಂಟು, ಒಳಗೆ ರೂಪಾಯಿಯ ಗುಂಡು ಆಕಾರ.

‘ಯಾರ್ಡಲ್ಲಿ ಬಿಚ್ಚು ಅಂದ್ರು ಅಮ್ಮಾ,’ ಎಂದ ಅವನು, ತಪ್ಪು ಮಾಡಿದವನಂತೆ. ‘ಎಸಿಯಕ್ಕೆ ಮನಸ್ಸಾಗ್ಲಿಲ್ಲ. ಡಬ್ಬಿ ತಲುಪೋಗಂಟ ಇರ್ಲಿ ಅಂತ ಕಟ್ಕಂಡೆ. ಆಮ್ಯಾಕೆ ಬಿಚ್ಚಲೇ ಇಲ್ಲ.’

ಖುರ್ಷಿದಾ ಬೇಗಂ ಸೆರಗಿನ ಒಳಗಿಂದ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ತೆಗೆದು, ಇನ್ನೂ ಬಿಸಿಯಿದ್ದ ಚಪಾತಿ ಮತ್ತು ತೊಕ್ಕನ್ನು, ಕಿಟಕಿಯಿಂದ ಚಾಚಿದ ಅವನ ಕೈಗೆ ಇಟ್ಟರು.